ಮಧ್ಯಸ್ಥನನ್ನು ಆರಿಸುವವರು ಯಾರು?

ಕಳೆದ ವರ್ಷ ದಶಲಕ್ಷಣ ಪರ್ವ ಮುಗಿದು, ಬಂಧುಮಿತ್ರರಿಂದ ಕ್ಷಮಾವಣಿಯ ಪತ್ರಗಳು ಬರುತ್ತಿದ್ದ ದಿನಗಳಲ್ಲಿ ನನ್ನ ಹೆಸರಿಗೆ ಜರ್ಮನಿಯಿಂದ ಒಂದು ಇ-ಮೇಲ್ ಬಂದಿತು. ಬರೆದವಳು ಆರ್.ಟಿ. ನಗರದಲ್ಲಿ ನಮ್ಮ ಕಣ್ಣ ಮುಂದೆಯೇ ಬೆಳೆದ, ಈಗ ಅಲ್ಲಿ ಇಂಜಿನಿಯರಾಗಿರುವ ಒಬ್ಬ ಹೆಣ್ಣುಮಗಳು. "ಮಾಮ, ಇದು ಕ್ಷಮೆ ಬೇಡುವ ಪತ್ರವಲ್ಲ. ಎರಡು ಪ್ರಶ್ನೆಗಳಿಗೆ ಉತ್ತರ ಬೇಕಾಗಿದೆ" ಎಂಬುದೇ ಅದರ ಆರಂಭ.

ವಿಷಯವಿಷ್ಟು. ಮೂರು ವರ್ಷಗಳ ಹಿಂದೆ ಆಕೆಯ ತಂದೆ, ನಮ್ಮ ಭಾಗದ ಒಂದು ಬಸದಿಯ ಟ್ರಸ್ಟು ಹೊರತರುವ ವಧೂವರರ ಪರಿಚಯ ಪುಸ್ತಿಕೆಗೆ ಮಗಳ ವಿವರಗಳನ್ನು ಕೊಟ್ಟಿದ್ದರು. ಜನ್ಮನಕ್ಷತ್ರ, ವಿದ್ಯೆ, ಸಂಬಳ, ದೂರವಾಣಿ ಸಂಖ್ಯೆ, ಭಾವಚಿತ್ರ. ಟ್ರಸ್ಟಿನ ಹೆಸರು ಇಲ್ಲಿ ಬೇಡ. ಇಂತಹ ಪುಸ್ತಿಕೆಯನ್ನು ತರದ ಟ್ರಸ್ಟುಗಳೇ ವಿರಳ. ಅಚ್ಚಾದ ಪುಸ್ತಕ ಸದಸ್ಯರ ಮನೆಗಳಿಗೆ ಹೋಗಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ಅದರ ಕಂಪ್ಯೂಟರ್ ಪ್ರತಿ ಮೊಬೈಲಿನಿಂದ ಮೊಬೈಲಿಗೆ ದಾಟಿ, ವಿವಾಹ ದಲ್ಲಾಳಿಗಳ ಕೈಗೂ, ಹಣ ಹೂಡಿರೆಂದು ಪೀಡಿಸುವವರ ಕೈಗೂ, ಕೊನೆಗೆ ಅಪರಾತ್ರಿಯಲ್ಲಿ ಕರೆಮಾಡುವ ಒಬ್ಬ ಅಪರಿಚಿತನ ಕೈಗೂ ಸೇರಿತ್ತು. ಆಕೆ ಟ್ರಸ್ಟನ್ನು ಕೇಳಿದ್ದು ಎರಡೇ ಮಾತು: ನನ್ನ ವಿವರವನ್ನು ಯಾರು ಯಾರಿಗೆ ಕೊಟ್ಟಿರಿ? ಕೊಟ್ಟಲ್ಲೆಲ್ಲ ಅದನ್ನು ಅಳಿಸಿಹಾಕಿಸುವಿರಾ? "ಸದುದ್ದೇಶದಿಂದ ಕೊಟ್ಟಿದ್ದೇವೆ" ಎಂಬ ಒಂದು ಸಾಲಿನ ಉತ್ತರ ಹೋಯಿತು. ಆಕೆ ಬಿಡಲಿಲ್ಲ. ಹಲವು ತಿಂಗಳ ಬಳಿಕ ಟ್ರಸ್ಟಿನವರು ಐದು ಜನರ ಪಂಚಾಯಿತಿಯೊಂದನ್ನು ನೇಮಿಸಿ, ಅದಕ್ಕೆ ನನ್ನನ್ನು ಮುಖ್ಯನನ್ನಾಗಿ ಮಾಡಿದರು.

ನಾನು ಒಪ್ಪಿಕೊಂಡೆ. ಅದರಲ್ಲಿ ಸ್ವಲ್ಪ ಮಾನಕಷಾಯವೂ ಇತ್ತೆಂಬುದನ್ನು ಮರೆಮಾಚಲಾರೆ. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂವತ್ತು ವರ್ಷಗಳಿಂದ ಬೇಳೆಕಾಳಿನ ವ್ಯಾಪಾರ ಮಾಡಿಕೊಂಡಿರುವ ನನ್ನನ್ನು ಇಂತಹ ಕೆಲಸಕ್ಕೆ ಅನೇಕ ಬಾರಿ ಕರೆದಿದ್ದಾರೆ. ನಮ್ಮಲ್ಲಿ ಮಾದರಿಗೆ ತೋರಿಸಿದ ತೊಗರಿಗೂ ಲಾರಿಯಿಂದ ಇಳಿದ ತೊಗರಿಗೂ ವ್ಯತ್ಯಾಸ ಬಂದಾಗ ಕೊಂಡವನೂ ಮಾರಿದವನೂ ಕೋರ್ಟಿಗೆ ಹೋಗುವುದಿಲ್ಲ. ಮೂರನೆಯ ಒಬ್ಬ ವರ್ತಕನನ್ನು ಕರೆಯುತ್ತಾರೆ. ಕರೆಸಿಕೊಳ್ಳುವವನು ಅದೇ ಸರಕಿನ ವ್ಯಾಪಾರಿಯೇ ಆಗಿರಬೇಕು. ಚೀಲಕ್ಕೆ ಕೈ ಹಾಕಿ ತೇವವನ್ನೂ ಹುಳುವನ್ನೂ ತಿಳಿಯಬಲ್ಲವನು ಅವನೊಬ್ಬನೇ. ಆದರೆ ಅದೇ ಸರಕಿನ ವ್ಯಾಪಾರಿಯಾದುದರಿಂದಲೇ ಇಬ್ಬರಲ್ಲಿ ಒಬ್ಬನೊಡನೆ ಅವನಿಗೆ ಉದ್ರಿಯ ಲೆಕ್ಕ ಇದ್ದೇ ಇರುತ್ತದೆ. ಆದ್ದರಿಂದ ಹಳಬರು ಒಂದು ಪದ್ಧತಿಯನ್ನಿಟ್ಟುಕೊಂಡಿದ್ದರು. ಚೀಲ ಬಿಚ್ಚುವ ಮೊದಲೇ ಆತ, "ಇವರಿಂದ ನನಗೆ ಇಷ್ಟು ಬರಬೇಕು, ಅವರಿಗೆ ನಾನು ಇಷ್ಟು ಕೊಡಬೇಕು, ಬೇಕಾದರೆ ನಾನು ಎದ್ದುಹೋಗುತ್ತೇನೆ" ಎಂದು ಹೇಳಿಬಿಡುತ್ತಿದ್ದ. ಅದನ್ನು ಹೇಳದೆ ಚೀಲ ಮುಟ್ಟಿದವನನ್ನು ಮುಂದೆ ಯಾರೂ ಕರೆಯುತ್ತಿರಲಿಲ್ಲ.

ಆದರೆ ಈ ಸಲದ ವಿವಾದದಲ್ಲಿ ಚೀಲವೆಲ್ಲಿ? ಕೆಲವು ಅಕ್ಷರಗಳು, ಅಂಕಿಗಳು, ಒಂದು ಚಿತ್ರ. ಕೊಟ್ಟ ಮೇಲೂ ಕೊಟ್ಟವರಲ್ಲಿ ಉಳಿಯುವ, ಹಿಂದಿರುಗಿಸಿದ ಮೇಲೂ ಪಡೆದವರಲ್ಲಿ ಉಳಿಯುವ ಈ ವಸ್ತುವನ್ನು ಏನೆಂದು ಕರೆಯಬೇಕು? ಟ್ರಸ್ಟಿನ ಹಿರಿಯರೊಬ್ಬರು, "ಕದ್ದದ್ದೇನಿದೆ ಸ್ವಾಮಿ? ಅವರಪ್ಪನೇ ಬರೆದುಕೊಟ್ಟಿದ್ದು. ಸುಳ್ಳಂತೂ ಒಂದಕ್ಷರವೂ ಇಲ್ಲ" ಎಂದರು. ಈ ಎರಡು ಮಾತುಗಳು ನನ್ನನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯಕ್ಕೆ ಮರಳಿ ಕರೆದೊಯ್ದವು. ಅಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನ ಒಂದು: ಏಕಾಂತದಲ್ಲಿ ನಡೆದುದನ್ನು ಬಹಿರಂಗಪಡಿಸುವುದು. ಹೇಳಿದ್ದು ನಿಜವೇ ಆಗಿದ್ದರೂ ಅದು ಸತ್ಯವ್ರತಕ್ಕೆ ಬಂದ ಕಲೆ. ಇನ್ನೊಂದು ನ್ಯಾಸಾಪಹಾರ. ನ್ಯಾಸವೆಂದರೆ ನಂಬಿ ಇಟ್ಟ ಅಡವು. ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಲೆಕ್ಕ ಹೇಳಿ ಕೇಳಿದಾಗ, ಇಟ್ಟುಕೊಂಡವನು ನಿಜ ತಿಳಿದಿದ್ದೂ "ಹೌದು, ಅಷ್ಟೇ" ಎಂದು ಅಷ್ಟನ್ನೇ ಹಿಂದಿರುಗಿಸುವುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಉದಾಹರಿಸುತ್ತಾರೆ. ಇದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸದೆ ಸತ್ಯವ್ರತದಲ್ಲಿ ಎಣಿಸಿರುವುದೇಕೆಂದು ವಿದ್ಯಾರ್ಥಿಯಾಗಿದ್ದಾಗ ನನಗೆ ಬೆರಗಾಗುತ್ತಿತ್ತು. ಆ "ಅಷ್ಟೇ" ಎಂಬ ಮಾತಿನಲ್ಲಿಯೇ ದೋಷವಿದೆ ಎಂಬುದು ಈಗ ತಿಳಿಯುತ್ತದೆ. ನಮ್ಮ ವಿವರಗಳನ್ನು ಎಲ್ಲೆಲ್ಲಿ ಎಷ್ಟೆಷ್ಟು ಬರೆದುಕೊಟ್ಟಿದ್ದೇವೆಂಬುದನ್ನು ನಾವು ಮರೆತಿರುತ್ತೇವೆ. ಪಡೆದವರ ಯಂತ್ರ ಮರೆತಿರುವುದಿಲ್ಲ. ಆ ಹುಡುಗಿ ಕೇಳಿದ ಮೊದಲ ಪ್ರಶ್ನೆಯ ತೂಕ ಇಲ್ಲಿದೆ.

ಪಂಚಾಯಿತಿಯ ಮೊದಲ ಸಭೆಗೆ ಸಿದ್ಧನಾಗಬೇಕೆಂದು ನಾನು ನನ್ನ ಅಳಿಯನ ನೆರವು ಕೇಳಿದೆ. ಆತ ಹೆಬ್ಬಾಳದ ಕಡೆಯ ಒಂದು ಕಂಪನಿಯಲ್ಲಿ ಒಪ್ಪಂದಪತ್ರಗಳನ್ನು ನೋಡಿಕೊಳ್ಳುತ್ತಾನೆ. "ಮಾವ, ನಿಮ್ಮ ಬಸದಿಯ ಜಗಳವೇ ನಮ್ಮಲ್ಲಿ ಕೋಟಿಗಟ್ಟಲೆಯಾಗಿ ನಡೆಯುತ್ತದೆ" ಎಂದು ನಕ್ಕು ಒಂದು ಕಟ್ಟು ಕಾಗದ ತಂದುಕೊಟ್ಟ. ನಾಗವಾರದ ಹೊರವರ್ತುಲ ರಸ್ತೆಯಲ್ಲಿ ಗಾಜಿನ ಕಟ್ಟಡಗಳನ್ನು ದಿನವೂ ನೋಡುತ್ತೇವೆ. ಅಂತಹ ಕಡೆಗಳಲ್ಲಿ ಕುಳಿತು ನಮ್ಮ ಮಕ್ಕಳು ಪರದೇಶದ ಜನರ ಸಂಬಳ, ವಿಮೆ, ಕಾಯಿಲೆಗಳ ಲೆಕ್ಕ ಬರೆಯುತ್ತಾರೆ. ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ಅಲ್ಲಿಂದ ಇಲ್ಲಿಗೆ ಮಾಹಿತಿ ಕಳುಹಿಸುವವರು 2021ರ ಜೂನ್‌ನಲ್ಲಿ ಐರೋಪ್ಯ ಆಯೋಗ ಪ್ರಕಟಿಸಿದ ಸಿದ್ಧ ಕರಾರುಗಳಿಗೆ ಸಾಮಾನ್ಯವಾಗಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಕರಾರಿನಲ್ಲಿ ಒಂದು ಒಳ್ಳೆಯ ಅಂಶವಿದೆ: ಮಾಹಿತಿ ಯಾರದ್ದೋ ಆ ವ್ಯಕ್ತಿ ಸಹಿ ಹಾಕಿಲ್ಲದಿದ್ದರೂ ಅದರ ಅನೇಕ ಷರತ್ತುಗಳ ಮೇಲೆ ಅವನಿಗೆ ಹಕ್ಕುಂಟು, ತಾನು ವಾಸಿಸುವ ದೇಶದ ನ್ಯಾಯಾಲಯಕ್ಕೇ ಹೋಗಬಹುದು. ಆದರೆ ಎರಡು ಕಂಪನಿಗಳ ನಡುವಣ ಮೂಲ ಒಪ್ಪಂದದಲ್ಲಿ ಜಗಳ ಬಂದರೆ ಮಧ್ಯಸ್ಥಗಾರನ ಮುಂದೆ ಎಂದು ಬರೆದುಕೊಳ್ಳುವುದು ರೂಢಿ. ಕಾರಣ ಸುಲಭವಾದುದು. ಒಂದು ದೇಶದ ಕೋರ್ಟಿನ ಡಿಕ್ರಿ ಇನ್ನೊಂದು ದೇಶದಲ್ಲಿ ನಡೆಯುವುದು ಕಷ್ಟ. ಮಧ್ಯಸ್ಥಿಕೆಯ ತೀರ್ಪಾದರೆ 1958ರ ನ್ಯೂಯಾರ್ಕ್ ಒಡಂಬಡಿಕೆಯ ಬಲದಿಂದ 170ಕ್ಕೂ ಹೆಚ್ಚು ದೇಶಗಳಲ್ಲಿ ಜಾರಿಮಾಡಿಸಬಹುದು. ಅಲ್ಲಿ ಕೂಡುವವರು ಇಬ್ಬರು ವರ್ತಕರು ಮತ್ತು ಅವರು ಆರಿಸಿದ ಮೂರನೆಯವರು. ಯಾರ ಮಾಹಿತಿ ಸೋರಿತೋ ಆ ವ್ಯಕ್ತಿಗೆ ಆ ಕೋಣೆಯಲ್ಲಿ ಕುರ್ಚಿಯಿಲ್ಲ.

ಆ ವ್ಯಕ್ತಿಗೆ ಕುರ್ಚಿ ಹಾಕಿದ ಒಂದು ಏರ್ಪಾಡೂ ಕಾಗದದ ಕಟ್ಟಿನಲ್ಲಿತ್ತು. ಅದನ್ನು ನಾನು ಎರಡು ಸಲ ಓದಿದೆ. ಯೂರೋಪಿನವರ ಮಾಹಿತಿ ಅಮೆರಿಕೆಗೆ ಹೋಗುವುದರ ಬಗ್ಗೆ ಆ ಎರಡು ಕಡೆಯವರು ಮಾಡಿಕೊಂಡ ವ್ಯವಸ್ಥೆಗಳನ್ನು ಲಕ್ಸೆಂಬರ್ಗಿನ ನ್ಯಾಯಾಲಯ 2015ರಲ್ಲಿ ಒಮ್ಮೆ, 2020ರ ಜುಲೈ 16ರಂದು ಇನ್ನೊಮ್ಮೆ ರದ್ದುಮಾಡಿತ್ತು. ಎರಡಕ್ಕೂ ಕಾರಣನಾದವನು ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯಾದ ಒಬ್ಬ ವ್ಯಕ್ತಿ. ಮೂರನೆಯ ವ್ಯವಸ್ಥೆ 2023ರ ಜುಲೈ 10ರಿಂದ ನಡೆಯುತ್ತಿದೆ. ಕಂಪನಿಗೆ ದೂರಿತ್ತು, ಮೇಲಿನವರಿಗೂ ದೂರಿತ್ತು ಬೇಸತ್ತ ಸಾಮಾನ್ಯನೊಬ್ಬ ಕೊನೆಯದಾಗಿ ಮಧ್ಯಸ್ಥಗಾರರ ಬಳಿಗೆ ಹೋಗಬಹುದೆಂದು ಅದರಲ್ಲಿದೆ. ಅಮೆರಿಕೆಯ ವಾಣಿಜ್ಯ ಇಲಾಖೆಯೂ ಐರೋಪ್ಯ ಆಯೋಗವೂ ಸೇರಿ ಕನಿಷ್ಠ 10 ಜನರ ಪಟ್ಟಿ ತಯಾರಿಸಬೇಕು; ಹಿಂದಿನ ವ್ಯವಸ್ಥೆಯಲ್ಲಿ ಈ ಸಂಖ್ಯೆ 20 ಆಗಿತ್ತು. ಸ್ವಾತಂತ್ರ್ಯ, ಪ್ರಾಮಾಣಿಕತೆ, ವಿಷಯಜ್ಞಾನ ನೋಡಿ ಆರಿಸಬೇಕು. ಪಟ್ಟಿಯಲ್ಲಿ ಮೂರು ವರ್ಷವಿರುತ್ತಾರೆ. ಯಾವ ಸರ್ಕಾರದ, ಯಾವ ಸದಸ್ಯ ಕಂಪನಿಯ ಆಜ್ಞೆಗೂ ನಂಟಿಗೂ ಒಳಪಟ್ಟಿರಬಾರದು. ದೂರುದಾರ ತನ್ನ ಊರಿನಿಂದಲೇ ದೂರವಾಣಿಯಲ್ಲೋ ವಿಡಿಯೋದಲ್ಲೋ ಭಾಗವಹಿಸಬಹುದು. ತೊಂಬತ್ತು ದಿನದೊಳಗೆ ತೀರ್ಮಾನವಾಗಬೇಕು. ಇಷ್ಟನ್ನು ಓದುವಾಗ ನಮ್ಮ ಟ್ರಸ್ಟುಗಳೂ ಇದನ್ನು ಗೋಡೆಗೆ ಹಚ್ಚಬಹುದಲ್ಲಾ ಎನಿಸಿತು.

ಮುಂದಿನ ಸಾಲಿನಲ್ಲಿ ತಡೆದು ನಿಂತೆ. ಪಟ್ಟಿಯಲ್ಲಿರುವವರು ಅಮೆರಿಕೆಯಲ್ಲಿ ವಕೀಲಿ ಮಾಡಲು ಅರ್ಹರಾಗಿರಬೇಕು. ಅಲ್ಲಿಯ ಖಾಸಗಿತನದ ಕಾನೂನಿನಲ್ಲಿ ನಿಷ್ಣಾತರಾಗಿದ್ದು ಯೂರೋಪಿನ ಕಾನೂನನ್ನೂ ಬಲ್ಲವರಾಗಿರಬೇಕು. ದೂರುದಾರ ಯೂರೋಪಿನವನು, ಎದುರಾಳಿ ಅಮೆರಿಕೆಯವನು. ಅಂದರೆ ತಿಪಟೂರಿನ ರೈತನ ದೂರನ್ನು ಯಶವಂತಪುರದ ಮಂಡಿಯವರೇ ವಿಚಾರಿಸಬೇಕು, ಆದರೆ ಮಂಡಿಯವರಿಗೆ ತಿಪಟೂರು ಗೊತ್ತಿರಬೇಕು ಎಂದಂತೆ. ಇದಕ್ಕೆ ಸಮಾಧಾನವೂ ಉಂಟು. ತೀರ್ಪು ನಡೆಯಬೇಕಾದುದು ಅಮೆರಿಕೆಯ ನೆಲದಲ್ಲಿ. ಅಲ್ಲಿಯ ಕಾನೂನು ಅರಿಯದವನ ತೀರ್ಪು ಕಾಗದವಾಗಿಯೇ ಉಳಿದೀತು. ಆದರೂ ಅಂತಹ ನಿಷ್ಣಾತ ಹುಟ್ಟುವುದೆಲ್ಲಿ? ಈ ವಿದ್ಯೆಗೆ ಹಣ ತೆತ್ತು ಕಲಿಸುವವರು ಕಂಪನಿಗಳೇ. ಅವುಗಳಿಗೆ ಸಲಹೆ ಹೇಳಿ ಹೇಳಿಯೇ ಮನುಷ್ಯ ಪಳಗುತ್ತಾನೆ. ಋಣವಿಲ್ಲದವನನ್ನು ಹುಡುಕಿದರೆ ವಿದ್ಯೆಯಿಲ್ಲ, ವಿದ್ಯೆಯುಳ್ಳವನನ್ನು ಹುಡುಕಿದರೆ ಋಣವಿದೆ. ತೊಗರಿಯ ಚೀಲದ ಕಥೆಯೇ.

ನಮ್ಮ ದೇಶದ ಕಾನೂನೂ ಈ ಗಂಟಿನೊಡನೆ ಹೆಣಗಿದೆ. ಮಧ್ಯಸ್ಥಗಾರನ ಅರ್ಹತೆಯನ್ನು ಪದವಿಯಿಂದ ಅಳೆಯೋಣವೆಂದು 2019ರ ತಿದ್ದುಪಡಿಯಲ್ಲಿ ಎಂಟನೆಯ ಅನುಸೂಚಿಯೊಂದನ್ನು ಸೇರಿಸಿದರು: ಹತ್ತು ವರ್ಷ ಅನುಭವದ ವಕೀಲ, ಲೆಕ್ಕಪರಿಶೋಧಕ, ಕಂಪನಿ ಸೆಕ್ರೆಟರಿ ಇತ್ಯಾದಿ. ಬಿ.ಕಾಂ. ಮಾಡಿ ಚೀಲ ಎಣಿಸಿದ ನನ್ನಂತಹವನಿಗೆ ಅದರಲ್ಲಿ ಎಡೆಯಿರಲಿಲ್ಲ; ಪರದೇಶದ ಪರಿಣತರಿಗೂ ಬಾಗಿಲು ಮುಚ್ಚುತ್ತದೆಂಬ ಆಕ್ಷೇಪ ಬಂದಿತು. 2021ರಲ್ಲಿ ಅದನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು. 1996ರ ಅಧಿನಿಯಮದ 12ನೆಯ ಪ್ರಕರಣ ಮಾತ್ರ ನಮ್ಮ ಹಳೆಯ ವರ್ತಕರ ಪದ್ಧತಿಗೆ ತೀರ ಹತ್ತಿರವಾಗಿದೆ. ಕರೆ ಬಂದ ಕೂಡಲೆ, ಹಿಂದಿನದಿರಲಿ ಈಗಿನದಿರಲಿ, ನೇರವಿರಲಿ ಬಳಸಿದ್ದಿರಲಿ, ಕಕ್ಷಿಗಳೊಡನೆ ಇರುವ ನಂಟನ್ನು ಬರಹದಲ್ಲಿ ತಿಳಿಸತಕ್ಕದ್ದು. 2015ರಲ್ಲಿ ಸೇರಿದ ಏಳನೆಯ ಅನುಸೂಚಿಯ ನಂಟುಗಳಿದ್ದರೆ ಆತ ಕೂಡುವಂತೆಯೇ ಇಲ್ಲ. ವಿವಾದ ಹುಟ್ಟಿದ ಮೇಲೆ ಎರಡೂ ಕಡೆಯವರು ಎಲ್ಲ ತಿಳಿದು ಬರಹದಲ್ಲಿ ಒಪ್ಪಿದರೆ ಮಾತ್ರ ಕೂಡಬಹುದು.

ನನ್ನನ್ನು ಹೆಚ್ಚು ತಟ್ಟಿದ್ದು 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಕೊಟ್ಟ ತೀರ್ಪು. ರೈಲ್ವೆಯ ಕಾಮಗಾರಿಯ ವಿವಾದದಿಂದ ಬೆಳೆದ ಮೊಕದ್ದಮೆ ಅದು. ಒಂದು ಪಕ್ಷವೇ ಪಟ್ಟಿ ತಯಾರಿಸಿ, ಎದುರು ಪಕ್ಷ ಅದರೊಳಗಿನಿಂದಲೇ ಆರಿಸಬೇಕೆಂದು ಕಟ್ಟುಮಾಡುವುದು ಸಮಾನತೆಗೆ ವಿರುದ್ಧವೆಂದು ಬಹುಮತದ ನ್ಯಾಯಾಧೀಶರು ಹೇಳಿದರು. ಪಟ್ಟಿಯಲ್ಲಿರುವವರು ಕೆಟ್ಟವರೆಂದು ಅವರು ಹೇಳಲಿಲ್ಲ. ಒಳ್ಳೆಯವರೇ ಇರಬಹುದು. ನಾನು ಇಷ್ಟು ವರ್ಷ ಮಧ್ಯಸ್ಥನ ಗುಣಗಳನ್ನೇ ಚಿಂತಿಸುತ್ತಿದ್ದೆನೇ ಹೊರತು, ಅವನನ್ನು ಕರೆದವರು ಯಾರೆಂದು ಕೇಳಿಕೊಂಡಿರಲಿಲ್ಲ. ಮೈತ್ರಿ, ಪ್ರಮೋದ, ಕಾರುಣ್ಯಗಳ ಜೊತೆಗೆ ಮಾಧ್ಯಸ್ಥ್ಯವನ್ನೂ ಭಾವಿಸಬೇಕೆಂಬ ಉಪದೇಶವನ್ನು ಶಾಸ್ತ್ರಸಭೆಗಳಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದು ಒಬ್ಬನ ಅಂತರಂಗದ ಮಾತು. ರಾಗದ್ವೇಷವಿಲ್ಲದೆ ಕುಳಿತಿದ್ದೇನೆಂದು ನನಗೆ ನಾನೇ ಹೇಳಿಕೊಂಡರೆ ಎದುರಿನವನಿಗೆ ಅದು ಕಾಣುವುದು ಹೇಗೆ? (ಅನೇಕಾಂತವೆಂದರೆ ಇಬ್ಬರಿಗೂ ಅರ್ಧರ್ಧ ಹಂಚುವುದೆಂದು ತಿಳಿದಿರುವ ಪಂಚರೂ ನಮ್ಮಲ್ಲಿದ್ದಾರೆ. ಆ ವಿಷಯಕ್ಕೆ ಬೇರೆ ಲೇಖನವೇ ಬೇಕು.)

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಸಾರಿದ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಬೆಂಗಳೂರಿನವರು ಮರೆಯಬಾರದು. 2024ರಲ್ಲಿ ಅವರು ತೀರಿಕೊಂಡರು. ಆ ಹಾದಿಯಲ್ಲಿ ಬಂದ 2023ರ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮಂಡಳಿಯು ತಕ್ಕ ದೂರುಗಳನ್ನು ಉಭಯರೂ ಒಪ್ಪಿದ ಸಂಧಾನಕಾರನ ಬಳಿಗೆ ಕಳುಹಿಸಬಹುದು. ದಂಡ 250 ಕೋಟಿ ರೂಪಾಯಿಯವರೆಗೂ ಏರಬಹುದು. ಆದರೆ ಅದು ಭಾರತದ ಸಂಚಿತ ನಿಧಿಗೆ ಸೇರುತ್ತದೆ, ನೊಂದವನಿಗಲ್ಲ. ಅಮೆರಿಕೆಯ ಆ ವ್ಯವಸ್ಥೆಯಲ್ಲೂ ಮಧ್ಯಸ್ಥಗಾರ ಹಣ ಕೊಡಿಸಲಾರ. ಮಾಹಿತಿಯನ್ನು ತೋರಿಸು, ತಿದ್ದು, ಅಳಿಸು, ಹಿಂದಿರುಗಿಸು ಎನ್ನಬಲ್ಲನಷ್ಟೆ. ಹಣ ಬರುವ ತೀರ್ಪಾದರೆ ಮಧ್ಯಸ್ಥನ ಮೇಲೆ ಗುಮಾನಿಯಿದ್ದರೂ ಹಣವನ್ನು ಎಣಿಸಿ ನೋಡಬಹುದು. ಅಳಿಸಿದ್ದಾರೆಂಬ ತೀರ್ಪನ್ನು ಎಣಿಸಿ ನೋಡುವಂತಿಲ್ಲ. ಅಲ್ಲಿ ನೊಂದವನಿಗೆ ದೊರೆಯುವುದು ಮಧ್ಯಸ್ಥನ ಮೇಲಣ ನಂಬಿಕೆಯೊಂದೇ, ಆದುದರಿಂದ ಅವನನ್ನು ಆರಿಸುವುದರಲ್ಲಿ ನೊಂದವನ ಕೈ ಇಲ್ಲದಿದ್ದರೆ ಏನೂ ದೊರೆತಂತಾಗಲಿಲ್ಲ.

ಇಷ್ಟೆಲ್ಲ ಓದಿಕೊಂಡು ಪಂಚಾಯಿತಿಗೆ ಹೋದ ನಾನು ಮಾಡಿದ್ದೇನು?

ಮೊದಲ ಸಭೆಗೆ ಮುನ್ನ ಟ್ರಸ್ಟಿನ ಕಚೇರಿಯವರು ಆಕೆಯ ದೂರನ್ನೂ, ಅದಕ್ಕೆ ಲಗತ್ತಿಸಿದ್ದ ಪುಸ್ತಿಕೆಯ ಪುಟವನ್ನೂ ನಾವು ಐವರ ಮೊಬೈಲಿಗೆ ಕಳುಹಿಸಿದ್ದರು. ಅಂದರೆ ಆಕೆಯ ಭಾವಚಿತ್ರವೂ ಸಂಬಳವೂ ಇನ್ನೂ ಐದು ಕಡೆ ಹೋಯಿತು. ಅದು ನಮಗಾರಿಗೂ ಹೊಳೆಯಲಿಲ್ಲ. ದೊಡ್ಡವರೂ ಇಂತಹುದಕ್ಕೆ ಸಿಕ್ಕಿದ್ದಾರೆ; 2015ರ ಜುಲೈನಲ್ಲಿ ಫಿಲಿಪೀನ್ಸ್ ಮತ್ತು ಚೀನಾದ ಸಮುದ್ರವಿವಾದದ ವಿಚಾರಣೆ ನಡೆಯುತ್ತಿದ್ದಾಗಲೇ ಹೇಗ್ ನಗರದ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಜಾಲತಾಣಕ್ಕೆ ಕಳ್ಳರು ನುಗ್ಗಿದ್ದರು. ಆದರೆ ನಮ್ಮಲ್ಲಿಗೆ ಯಾರೂ ನುಗ್ಗಲಿಲ್ಲ, ನಾವೇ ಹಂಚಿದ್ದೆವು.

ಸಭೆಯಲ್ಲಿ ಕಚೇರಿಯ ಗುಮಾಸ್ತ ತನ್ನ ಮೊಬೈಲನ್ನು ನೋಡಿ ಹೆಸರುಗಳ ಪಟ್ಟಿ ಬರೆದುಕೊಟ್ಟ. ಪುಸ್ತಿಕೆಯ ಕಂಪ್ಯೂಟರ್ ಪ್ರತಿ ಹೋದದ್ದು ಒಂಬತ್ತು ಕಡೆಗೆ. ಆರನೆಯದು ನಮ್ಮ ಅಂಗಡಿ.

ಆಗ ನೆನಪಾಯಿತು. ಎರಡು ವರ್ಷಗಳ ಹಿಂದೆ ಯಲಹಂಕದಲ್ಲಿ ನನ್ನ ಮಗ ಹೊಸ ಮಳಿಗೆ ತೆರೆದಾಗ ಸಮಾಜದವರಿಗೆಲ್ಲ ಆಹ್ವಾನ ಹೋಗಲೆಂದು ನಾನೇ ಕಚೇರಿಗೆ ದೂರವಾಣಿ ಮಾಡಿ, "ಆ ನಂಬರುಗಳನ್ನು ಸ್ವಲ್ಪ ಕಳಿಸಪ್ಪ" ಎಂದಿದ್ದೆ. ಗುಮಾಸ್ತ ನನ್ನ ಮುಖ ನೋಡಿದ. ನಾನು, "ಮೊದಲು ದಲ್ಲಾಳಿಗಳ ವಿಚಾರ ತೆಗೆದುಕೊಳ್ಳೋಣ" ಎಂದೆ. ಬೇರೆಯವರು ಒಪ್ಪಿದರು. ಆರನೆಯ ಹೆಸರು ಆ ದಿನ ಚರ್ಚೆಗೆ ಬರಲಿಲ್ಲ.

ಮನೆಗೆ ಬಂದು ನನ್ನನ್ನು ನಾನೇ ಸಮರ್ಥಿಸಿಕೊಂಡೆ. ಒಂದು ಆಹ್ವಾನಪತ್ರಿಕೆಯಿಂದ ಯಾರಿಗೆ ನೋವಾಯಿತು? ರಾತ್ರಿ ಕರೆಮಾಡಿದವನು ನನ್ನ ಮಗನಲ್ಲವಲ್ಲ? ನಾನು ಎದ್ದುಬಿಟ್ಟರೆ ಉಳಿದ ನಾಲ್ವರಿಗೆ ಈ ವಿಷಯದಲ್ಲಿ ನನ್ನಷ್ಟೂ ತಿಳಿವಿಲ್ಲ, ಹುಡುಗಿಗೇ ನಷ್ಟ ಎಂಬ ಕರುಣೆಯ ವಾದವನ್ನೂ ಹೂಡಿದೆ. ಋಣವಿದ್ದರೂ ಬಲ್ಲವನೇ ಕೂಡಬೇಕೆಂಬ ವಾದ ಎಷ್ಟು ಸೊಗಸಾಗಿ ತೋರುತ್ತದೆಂಬುದು ಆ ಆಸನದಲ್ಲಿ ಕುಳಿತಾಗಲೇ ತಿಳಿದುದು. ಆರನೆಯ ಹೆಸರನ್ನು ದಾಟಿಸಿದ ನನ್ನ ಆ ಒಂದು ಮಾತು ಎಲ್ಲಿ ಸೇರುತ್ತದೆಂಬುದನ್ನು ಸರ್ವಾರ್ಥಸಿದ್ಧಿ ತೆರೆದು ನೋಡಬೇಕಾಗಿರಲಿಲ್ಲ. ಕಡಿಮೆ ಲೆಕ್ಕಕ್ಕೆ "ಅಷ್ಟೇ" ಎಂದವನು ನಾನೇ.

ಹನ್ನೊಂದು ದಿನಗಳ ಬಳಿಕ ಎರಡನೆಯ ಸಭೆ ಸೇರಿತು. ಆಕೆಯೂ ಜರ್ಮನಿಯಿಂದ ವಿಡಿಯೋದಲ್ಲಿದ್ದಳು. ಆರಂಭದಲ್ಲಿಯೇ ಹೇಳಿದೆ, ಹನ್ನೊಂದು ದಿನ ಹೇಳದೆ ಇದ್ದುದನ್ನೂ ಹೇಳಿದೆ. ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಏಳಬೇಕೆಂದು ನಾನು ಕೇಳುವುದಿಲ್ಲ ಮಾಮ. ಬೇಕಾದರೆ ಒಪ್ಪಿಗೆ ಬರೆದುಕೊಡುತ್ತೇನೆ. ಆದರೆ ನಿಮ್ಮ ಐವರಲ್ಲಿ ನಾನು ಆರಿಸಿದವರು ಯಾರು?" ಎಂದಳು.

ನಾನು ಎದ್ದೆ. ಆಕೆ ಒಪ್ಪಿದರೂ, ಉತ್ತರ ಹೇಳಬೇಕಾದವನು ಪ್ರಶ್ನೆ ಕೇಳುವ ಸಾಲಿನಲ್ಲಿ ಕೂಡಬಾರದೆನಿಸಿತು. ಈ ಬಗ್ಗೆ ನನ್ನ ಅಳಿಯನಿಗೆ ಭಿನ್ನಾಭಿಪ್ರಾಯವಿದೆ.

ಆಮೇಲಿನದು ಬೇಗ ಹೇಳಬಹುದು. ಐವರ ಬದಲು ಮೂವರೆಂದು ನಿಶ್ಚಯವಾಯಿತು: ಟ್ರಸ್ಟಿನವರು ಆರಿಸಿದ ಒಬ್ಬರು, ಆಕೆ ಆರಿಸಿದ ಒಬ್ಬರು, ಅವರಿಬ್ಬರೂ ಸೇರಿ ಆರಿಸಿದ ಮೂರನೆಯವರು. ಆಕೆ ಸೂಚಿಸಿದ್ದು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮಹಿಳೆಯನ್ನು, ನಮ್ಮ ಸಮಾಜದವರಲ್ಲ. ಇದಕ್ಕೆ ದೊಡ್ಡ ಗದ್ದಲವೇ ಆಯಿತು. "ಮನೆಯ ಮಾತು ಹೊರಗೆ ಹೋಗಬಾರದು" ಎಂದು ಹಿರಿಯರು ಪಟ್ಟುಹಿಡಿದರು. ಮಾತು ಒಂಬತ್ತು ಕಡೆಗೆ ಹೋಗಿ ಎರಡು ವರ್ಷವಾಯಿತಲ್ಲಾ ಎಂದು ಗುಮಾಸ್ತನೇ ಮೆಲ್ಲಗೆ ಹೇಳಿದ ಮೇಲೆ ಗದ್ದಲ ಇಳಿಯಿತು. ಆ ಮಹಿಳೆ ಬಂದ ದಿನ ಮಾಡಿದ ಮೊದಲ ಕೆಲಸವೆಂದರೆ, ಹಿಂದಿನ ಪಂಚರ ಮೊಬೈಲುಗಳಿಂದ ಆ ಪುಟವನ್ನು ಅಳಿಸಿಸಿದ್ದು.

ಒಂಬತ್ತು ಹೆಸರುಗಳ ಪಟ್ಟಿ ಆಕೆಗೆ ಬರಹದಲ್ಲಿ ಹೋಯಿತು. ಏಳು ಕಡೆಯವರು ಅಳಿಸಿದ್ದೇವೆಂದು ಪತ್ರ ಕೊಟ್ಟಿದ್ದಾರೆ; ಇಬ್ಬರು ದಲ್ಲಾಳಿಗಳು ಉತ್ತರಿಸಿಲ್ಲ. ಏಳರಲ್ಲಿ ನನ್ನ ಮಗನ ಪತ್ರವೂ ಒಂದು. ಅದನ್ನು ಓದಿ ಆಕೆ ಮತ್ತೆ ನನಗೆ ಬರೆದಿದ್ದಾಳೆ: "ಅಳಿಸಿರುವುದನ್ನು ನೀವು ಕಣ್ಣಾರೆ ನೋಡಿದಿರಾ ಮಾಮ, ಅಥವಾ ಅವನು ಹೇಳಿದ್ದನ್ನು ಕೇಳಿದಿರಾ?" ಮಗ ಮುಂದಿನ ಭಾನುವಾರ ಅಂಗಡಿಯ ಕಂಪ್ಯೂಟರನ್ನು ಮನೆಗೆ ತರುತ್ತೇನೆಂದಿದ್ದಾನೆ.